ಆದಿವಾಸಿಗಳ ಊಟ ಬದಲಾದರೆ ಅಲರ್ಜಿ ಹೆಚ್ಚುತ್ತದೆಯೇ? ರೋಗನಿರೋಧಕ ಶಕ್ತಿಯ ಬಗ್ಗೆ ಒಂದು ಚರ್ಚೆ

ಮೇಷ್ಟ್ರು, ಖಾನಾಪುರ ತಾಲ್ಲೂಕು

ಕಾಡಂಚಿನ ಊರುಗಳಲ್ಲಿ ಕೆಲಸ ಮಾಡುವ ನಮ್ಮಂಥವರ ನಡುವೆ ಒಂದು ಮಾತು ಪದೇ ಪದೇ ಕೇಳಿಬರುತ್ತದೆ. ಹಿಂದಿನವರು ಗೆಡ್ಡೆ, ಗೆಣಸು, ಸೊಪ್ಪು, ರಾಗಿ ಉಂಡು ಗಟ್ಟಿಮುಟ್ಟಾಗಿದ್ದರು. ಈಗಿನ ಮಕ್ಕಳು ಸೊಸೈಟಿ ಅಕ್ಕಿ ಮತ್ತು ಪ್ಯಾಕೆಟ್ ತಿನಿಸು ತಿಂದು ರೋಗನಿರೋಧಕ ಶಕ್ತಿ ಕಳೆದುಕೊಂಡಿದ್ದಾರೆ, ಅದಕ್ಕೇ ದಮ್ಮು, ಮೈತುರಿಕೆ, ಪಿತ್ತಗಂಧೆ ಹೆಚ್ಚಾಗಿವೆ ಎನ್ನುವುದು ಆ ಮಾತು. ಇದನ್ನು ಸಭೆಗಳಲ್ಲಿ ಹೇಳಿದರೆ ಎಲ್ಲರೂ ತಲೆದೂಗುತ್ತಾರೆ. ಆದರೆ ಇದರಲ್ಲಿ ಎಷ್ಟು ನಿಜ, ಎಷ್ಟು ವಾಟ್ಸಾಪ್ ಜ್ಞಾನ ಎಂಬುದನ್ನು ತಿಳಿದವರ ಜೊತೆ ಕುಳಿತು ಬಿಡಿಸಬೇಕೆಂಬ ಆಸೆಯಿಂದ ಈ ಚರ್ಚೆಯನ್ನು ಆರಂಭಿಸುತ್ತಿದ್ದೇನೆ.

ನಾನು ಓದಿದ ಒಂದು ಸಂಗತಿಯನ್ನು ಮೊದಲಿಗೆ ಇಡುತ್ತೇನೆ. ಗ್ರೀನ್‌ಲ್ಯಾಂಡಿನ ಮೂಲನಿವಾಸಿಗಳಾದ ಇನ್ಯುಯಿಟ್ ಜನರಿಂದ 1987 ಮತ್ತು 1998ರಲ್ಲಿ ಸಂಗ್ರಹಿಸಿದ ರಕ್ತವನ್ನು ಹೋಲಿಸಿ ನೋಡಿದಾಗ, ಪರಾಗ, ಧೂಳು, ಪ್ರಾಣಿಗಳ ರೋಮ ಮುಂತಾದವುಗಳಿಗೆ ಅಲರ್ಜಿಯ ಪ್ರತಿಕಾಯ (ದೇಹ ತಯಾರಿಸುವ ರಕ್ಷಣಾ ಪ್ರೋಟೀನ್) ಇದ್ದವರ ಪ್ರಮಾಣ ಹೆಚ್ಚುಕಡಿಮೆ ಇಮ್ಮಡಿಯಾಗಿತ್ತು. ಹನ್ನೊಂದು ವರ್ಷದಲ್ಲಿ ಯಾವ ಜನಾಂಗದ ವಂಶವಾಹಿಯೂ ಬದಲಾಗುವುದಿಲ್ಲ. ಸೀಲ್ ಮಾಂಸ ಮತ್ತು ಮೀನಿನ ಊಟ ಹಿಂದೆ ಸರಿದು ಹಡಗಿನಲ್ಲಿ ಬರುವ ಹಿಟ್ಟು, ಸಕ್ಕರೆ, ಡಬ್ಬದ ಪದಾರ್ಥ ಮುಂದೆ ಬಂದ ಕಾಲ ಅದು. ಹಾಗೆಂದು ಊಟವೊಂದೇ ಕಾರಣ ಎನ್ನಬಹುದೇ?

ಡೋಣಿ ಸೀಮೆಯ ರೈತ, ವಿಜಯಪುರ

ಗುರುಗಳೇ, ಊಟ ತಾನಾಗಿ ಬದಲಾಗುವುದಿಲ್ಲ, ಹೊಲ ಬದಲಾದಾಗ ಬದಲಾಗುತ್ತದೆ. ನಮ್ಮ ಕಡೆ ಕಾಲುವೆ ನೀರು ಬಂದಲ್ಲೆಲ್ಲ ಬಿಳಿಜೋಳ, ಸಜ್ಜೆ, ನವಣೆ, ಮಡಕಿ ಹಿಂದೆ ಸರಿದು ಕಬ್ಬು ನಿಂತಿತು. ಕಬ್ಬನ್ನು ಉಣ್ಣಲು ಬರುವುದಿಲ್ಲವಾದ್ದರಿಂದ ಊಟಕ್ಕೆ ಅಂಗಡಿಯೇ ಗತಿಯಾಯಿತು. 2013ರಲ್ಲಿ ಅನ್ನಭಾಗ್ಯ ಬಂದ ಮೇಲೆ ಹಸಿವು ಇಳಿಯಿತು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಎರಡು ಹೊತ್ತು ರೊಟ್ಟಿ ಬಡಿಯುತ್ತಿದ್ದ ಮನೆಗಳಲ್ಲಿ ಒಂದು ಹೊತ್ತು ಅನ್ನಕ್ಕೆ ತಿರುಗಿತು. ನಾವು ಆದಿವಾಸಿಗಳಲ್ಲ, ನಮ್ಮ ಕೈಯಲ್ಲಿ ಹೊಲವಿದೆ. ಕಾಡೇ ಹೊಲವಾಗಿದ್ದವರಿಗೆ ಕಾಡಿನ ಬಾಗಿಲು ಮುಚ್ಚಿದರೆ ಏನಾಗುತ್ತದೆ ಎನ್ನುವುದನ್ನೂ ಇಲ್ಲಿ ಸೇರಿಸಿಕೊಂಡು ಮಾತಾಡಬೇಕು.

ಮಕ್ಕಳ ವೈದ್ಯ, ಬಾಗಲಕೋಟೆ

ಮೇಷ್ಟ್ರ ಪ್ರಶ್ನೆಯಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಒಂದಕ್ಕೊಂದು ಅಂಟಿಕೊಂಡಿವೆ, ಮೊದಲು ಅವುಗಳನ್ನು ಬಿಡಿಸೋಣ. ರೋಗನಿರೋಧಕ ಶಕ್ತಿ ಕಡಿಮೆಯಾದದ್ದರಿಂದ ಅಲರ್ಜಿ ಬರುತ್ತದೆ ಎಂಬ ನಂಬಿಕೆ ಸರಿಯಲ್ಲ. ಅಲರ್ಜಿಯಲ್ಲಿ ದೇಹದ ರಕ್ಷಣಾ ವ್ಯವಸ್ಥೆ ದುರ್ಬಲವಾಗಿರುವುದಿಲ್ಲ. ಅದು ಪರಾಗ, ಧೂಳಿನ ನುಸಿ, ಶೇಂಗಾ ಮುಂತಾದ ನಿರುಪದ್ರವಿ ವಸ್ತುವನ್ನು ಶತ್ರುವೆಂದು ಭಾವಿಸಿ ಅದರ ಮೇಲೆ ಏರಿ ಹೋಗುತ್ತದೆ. ಇಮ್ಯುನೊಗ್ಲಾಬ್ಯುಲಿನ್-ಇ, ಅಂದರೆ ಐಜಿಇ ಎಂಬ ಪ್ರತಿಕಾಯ ಈ ದಾಳಿಯ ಮುಖ್ಯ ಆಯುಧ. ಈ ದಾಳಿಯನ್ನು ತಡೆದು ಹತೋಟಿಯಲ್ಲಿಡುವ ಕೋಶಗಳೂ ನಮ್ಮಲ್ಲಿವೆ. ಅವುಗಳನ್ನು ನಿಯಂತ್ರಕ ಟಿ-ಕೋಶಗಳೆನ್ನುತ್ತೇವೆ. ಅವು ಸಾಕಷ್ಟು ಪಳಗದಿದ್ದಾಗ ಅಲರ್ಜಿ ತಲೆಯೆತ್ತುತ್ತದೆ.

ಇನ್ನೊಂದು ಕಡೆ, ಸೋಂಕಿನ ವಿರುದ್ಧ ಹೋರಾಡುವ ಶಕ್ತಿಯ ಮಾತು ಬೇರೆ. ಪ್ರೋಟೀನ್, ಸತು, ವಿಟಮಿನ್ ಎ ಕಡಿಮೆಯಾದ ಮಗುವಿಗೆ ದಡಾರವೂ ಭೇದಿಯೂ ನ್ಯುಮೋನಿಯಾವೂ ಹೆಚ್ಚು ಮಾರಕವಾಗುತ್ತವೆ. ಬರೀ ಅನ್ನ ಮತ್ತು ನೀರು ಸಾರು ಉಂಡು ಬೆಳೆಯುವ ಮಗು ಸೋಂಕಿಗೆ ಸುಲಭವಾಗಿ ತುತ್ತಾಗುತ್ತದೆ. ಅದೇ ಮಗುವಿಗೆ ಜೊತೆಯಲ್ಲಿ ಅಲರ್ಜಿಯೂ ಇರಬಹುದು. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ, ಶಕ್ತಿ ಹೆಚ್ಚಿಸುವ ಪುಡಿ, ಸಿರಪ್ಪು ಮಾರುವವರಿಗೆ ಲಾಭವಾಗುತ್ತದೆಯೇ ಹೊರತು ಮಗುವಿಗಲ್ಲ.

ಹೊಟ್ಟೆಹುಳದ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ಆದಿವಾಸಿ ಸಮುದಾಯಗಳ ಅಧ್ಯಯನಗಳಲ್ಲಿ ಅದು ಬಿಡದೇ ಬರುತ್ತದೆ. ಬೊಲಿವಿಯಾದ ಅಮೆಜಾನ್ ಪ್ರದೇಶದ ಚಿಮಾನೆ ಜನರ ರಕ್ತದಲ್ಲಿ ಐಜಿಇ ಪ್ರಮಾಣ ಪಟ್ಟಣವಾಸಿಗಳಿಗಿಂತ ಅನೇಕ ಪಟ್ಟು ಹೆಚ್ಚು. ಅದು ಹುಳಗಳ ವಿರುದ್ಧ ಹುಟ್ಟಿದ್ದು. ಅಷ್ಟು ಐಜಿಇ ಇದ್ದರೂ ಅಲರ್ಜಿ ಮನೆಮನೆಯ ಕಾಯಿಲೆಯಾಗಿಲ್ಲ. ಆಫ್ರಿಕಾದ ಗ್ಯಾಬನ್ ದೇಶದಲ್ಲಿ 2000ದಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಶಿಸ್ಟೊಸೋಮಾ ಎಂಬ ಹುಳದ ಸೋಂಕಿದ್ದ ಶಾಲಾ ಮಕ್ಕಳ ಚರ್ಮ ಧೂಳಿನ ನುಸಿಗೆ ಕಡಿಮೆ ಪ್ರತಿಕ್ರಿಯೆ ತೋರಿತ್ತು. ನಾಲ್ಕು ವರ್ಷದ ನಂತರ ಅದೇ ದೇಶದಿಂದ ಬಂದ ಇನ್ನೊಂದು ವರದಿಯ ಪ್ರಕಾರ, ಮತ್ತೆ ಮತ್ತೆ ಹುಳದ ಔಷಧ ಕೊಟ್ಟ ಮಕ್ಕಳಲ್ಲಿ ಆ ಪ್ರತಿಕ್ರಿಯೆ ಹೆಚ್ಚಿತು. ಹುಳಗಳು ತಾವು ಬದುಕುಳಿಯಲು ನಮ್ಮ ರಕ್ಷಣಾ ವ್ಯವಸ್ಥೆಯನ್ನು ಶಾಂತಗೊಳಿಸುತ್ತವೆ. ಇದನ್ನು ಓದಿ ಯಾರೂ ಶಾಲೆಯಲ್ಲಿ ಕೊಡುವ ಅಲ್ಬೆಂಡಜೋಲ್ ಮಾತ್ರೆಯನ್ನು ಬಿಡಿಸಬೇಡಿ. ರಕ್ತಹೀನತೆಯಿಂದ ಬಿಳಿಚಿಕೊಂಡ ಮಗುವಿಗೆ ಕೊಕ್ಕೆಹುಳ ಯಾವ ಉಪಕಾರವನ್ನೂ ಮಾಡುವುದಿಲ್ಲ.

ಸೂಕ್ಷ್ಮಜೀವಿಶಾಸ್ತ್ರದ ವಿದ್ಯಾರ್ಥಿನಿ, ಬೆಳಗಾವಿ

ಡಾಕ್ಟರ್ ಸಾಹೇಬರು ಹೇಳಿದ ನಿಯಂತ್ರಕ ಕೋಶಗಳನ್ನು ಪಳಗಿಸುವವರು ಯಾರು ಎಂಬಲ್ಲಿಂದ ಊಟದ ಪಾತ್ರ ಆರಂಭವಾಗುತ್ತದೆ. ಆ ಕೆಲಸದ ದೊಡ್ಡ ಪಾಲನ್ನು ನಮ್ಮ ದೊಡ್ಡಕರುಳಿನ ಬ್ಯಾಕ್ಟೀರಿಯಾಗಳು ಮಾಡುತ್ತವೆ. ನಾವು ಅರಗಿಸಿಕೊಳ್ಳಲಾಗದ ನಾರು ಅವುಗಳ ಆಹಾರ; ಅದನ್ನು ಹುದುಗಿಸಿ ಅವು ಬ್ಯುಟಿರೇಟ್, ಪ್ರೊಪಿಯೊನೇಟ್, ಅಸಿಟೇಟ್ ಎಂಬ ಸಣ್ಣ ಕೊಬ್ಬಿನಾಮ್ಲಗಳನ್ನು ತಯಾರಿಸುತ್ತವೆ. ಬ್ಯುಟಿರೇಟ್ ಕರುಳಿನ ಗೋಡೆಯ ಕೋಶಗಳಿಗೆ ಇಂಧನವೂ ಹೌದು, ನಿಯಂತ್ರಕ ಟಿ-ಕೋಶಗಳು ಹುಟ್ಟಲು ಪ್ರೇರಣೆಯೂ ಹೌದು. ನಾರು ಸಿಗದಿದ್ದಾಗ ಕೆಲವು ಬ್ಯಾಕ್ಟೀರಿಯಾಗಳು ಕರುಳಿನ ಒಳಮೈಯನ್ನು ಕಾಯುವ ಲೋಳೆಯ ಪದರವನ್ನೇ ತಿನ್ನತೊಡಗುತ್ತವೆ ಎಂಬುದನ್ನು 2016ರಲ್ಲಿ ಇಲಿಗಳಲ್ಲಿ ತೋರಿಸಲಾಗಿದೆ. ಪದರ ತೆಳುವಾದರೆ ಬ್ಯಾಕ್ಟೀರಿಯಾಗಳು ಕರುಳಿನ ಗೋಡೆಗೇ ತಾಗುತ್ತವೆ, ಉರಿಯೂತಕ್ಕೆ ದಾರಿಯಾಗುತ್ತದೆ.

ಉತ್ತರ ಕರ್ನಾಟಕದವರಿಗೆ ಹತ್ತಿರವೆನಿಸುವ ಅಧ್ಯಯನವೊಂದಿದೆ. 2010ರಲ್ಲಿ ಇಟಲಿಯ ಸಂಶೋಧಕರು ಫ್ಲಾರೆನ್ಸ್ ನಗರದ ಮಕ್ಕಳನ್ನು ಪಶ್ಚಿಮ ಆಫ್ರಿಕಾದ ಬುರ್ಕಿನಾ ಫಾಸೊ ದೇಶದ ಬೂಲ್ಪೋನ್ ಎಂಬ ಹಳ್ಳಿಯ ಮಕ್ಕಳೊಂದಿಗೆ ಹೋಲಿಸಿದರು. ಆ ಹಳ್ಳಿಯ ಮಕ್ಕಳ ತಟ್ಟೆಯಲ್ಲಿ ಇದ್ದದ್ದು ಸಜ್ಜೆ, ಜೋಳ, ಅಲಸಂದಿ ಮತ್ತು ಸೊಪ್ಪು. ನಮ್ಮ ಅಜ್ಜಿಯರಿಗೆ ಆ ತಟ್ಟೆಯನ್ನು ತೋರಿಸಿದ್ದರೆ ಗುರುತು ಹಿಡಿಯುತ್ತಿದ್ದರು. ಆ ಮಕ್ಕಳ ಮಲದಲ್ಲಿ ನಾರನ್ನು ಒಡೆಯುವ ಪ್ರಿವೊಟೆಲ್ಲಾ ಗುಂಪಿನ ಬ್ಯಾಕ್ಟೀರಿಯಾಗಳು ತುಂಬಿದ್ದವು, ಸಣ್ಣ ಕೊಬ್ಬಿನಾಮ್ಲಗಳೂ ಫ್ಲಾರೆನ್ಸ್ ಮಕ್ಕಳಿಗಿಂತ ಗಣನೀಯವಾಗಿ ಹೆಚ್ಚಿದ್ದವು. ಟಾಂಜಾನಿಯಾದ ಹಾಡ್ಜಾ ಬೇಟೆಗಾರರು ದಿನಕ್ಕೆ 100ರಿಂದ 150 ಗ್ರಾಂ ನಾರು ತಿನ್ನುತ್ತಾರೆಂದು ಅಂದಾಜು. ಹಣ್ಣು ಮತ್ತು ಜೇನಿನ ಮಳೆಗಾಲ ಒಂದು, ಮಾಂಸದ ಬೇಸಿಗೆ ಇನ್ನೊಂದು. ಈ ಋತುಮಾನಕ್ಕೆ ತಕ್ಕಂತೆ ಅವರ ಕರುಳಿನ ಬ್ಯಾಕ್ಟೀರಿಯಾಗಳಲ್ಲಿ ಕೆಲವು ಮರೆಯಾಗಿ ಮತ್ತೆ ಮರಳುತ್ತವೆ ಎಂದು 2017ರಲ್ಲಿ ವರದಿಯಾಯಿತು. ವೆನೆಜುವೆಲಾದ ಕಾಡಿನಲ್ಲಿ ಹೊರಜಗತ್ತಿನ ಸಂಪರ್ಕವಿಲ್ಲದೆ ಇದ್ದ ಯಾನೊಮಾಮಿ ಗುಂಪೊಂದರಲ್ಲಿ, ಅದುವರೆಗೆ ಮನುಷ್ಯರಲ್ಲಿ ಕಂಡಿರದಷ್ಟು ವೈವಿಧ್ಯದ ಸೂಕ್ಷ್ಮಜೀವಿಗಳು 2015ರಲ್ಲಿ ದಾಖಲಾದವು.

ಊಟ ಬದಲಾದ ಮೇಲೆ ಏನಾಗುತ್ತದೆ ಎಂಬುದಕ್ಕೆ 2018ರ ಇನ್ನೊಂದು ಅಧ್ಯಯನ ಉತ್ತರ ಕೊಡುತ್ತದೆ. ಆಗ್ನೇಯ ಏಷ್ಯಾದ ಮೋಂಗ್ ಮತ್ತು ಕರೆನ್ ಸಮುದಾಯದವರು ಅಮೆರಿಕಕ್ಕೆ ವಲಸೆ ಹೋದ ಮೊದಲ ತಿಂಗಳುಗಳಲ್ಲೇ ಕರುಳಿನ ವೈವಿಧ್ಯ ಕುಸಿಯಲಾರಂಭಿಸಿತ್ತು. ಅಲ್ಲೇ ಹುಟ್ಟಿದ ಮಕ್ಕಳಲ್ಲಿ ಅದು ಇನ್ನೂ ಕಡಿಮೆ. ಇಲಿಗಳಲ್ಲಿ ನಾಲ್ಕು ತಲೆಮಾರು ನಾರು ತೀರ ಕಡಿಮೆಯಿರುವ ಆಹಾರ ಕೊಟ್ಟು ನೋಡಿದವರಿಗೆ, ಕೊನೆಯ ತಲೆಮಾರಿಗೆ ಮತ್ತೆ ನಾರು ಕೊಟ್ಟರೂ ಕಳೆದುಹೋದ ಬ್ಯಾಕ್ಟೀರಿಯಾಗಳು ವಾಪಸು ಬರಲಿಲ್ಲ. ಆದರೆ ಒಂದು ಎಚ್ಚರಿಕೆ: ಇವುಗಳಲ್ಲಿ ಹೆಚ್ಚಿನವು ಬ್ಯಾಕ್ಟೀರಿಯಾಗಳನ್ನು ಅಳೆದವೇ ಹೊರತು ಅಲರ್ಜಿಯನ್ನಲ್ಲ. ಸರಪಳಿಯ ಒಂದೊಂದು ಕೊಂಡಿಯೂ ಗಟ್ಟಿಯಾಗಿದೆ, ಇಡೀ ಸರಪಳಿಯನ್ನು ಒಂದೇ ಆದಿವಾಸಿ ಸಮುದಾಯದಲ್ಲಿ ಆರಂಭದಿಂದ ಕೊನೆಯವರೆಗೆ ಹಿಡಿದು ನೋಡಿದ ಕೆಲಸ ಬಹಳ ವಿರಳ.

ಅಂಗನವಾಡಿ ಕಾರ್ಯಕರ್ತೆ, ಖಾನಾಪುರದ ಕಾಡಿನ ಭಾಗ

ನೀವೆಲ್ಲ ದೂರದೂರದ ಕಾಡುಗಳ ಮಾತಾಡಿದಿರಿ, ನಾನು ನಮ್ಮ ಕಾಡಿನದನ್ನು ಹೇಳುತ್ತೇನೆ. ನಮ್ಮ ಕೇಂದ್ರಕ್ಕೆ ಸಿದ್ದಿಯರ ಮತ್ತು ಗೌಳಿಗರ ಮಕ್ಕಳು ಬರುತ್ತಾರೆ. ಸಿದ್ದಿಯರ ಪೂರ್ವಜರು ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾದಿಂದ ಬಂದವರು. ಉತ್ತರ ಕನ್ನಡದ ಸಿದ್ದಿಯರಿಗೆ 2003ರಲ್ಲಿ ಸಿಕ್ಕ ಪರಿಶಿಷ್ಟ ಪಂಗಡದ ಸ್ಥಾನ ಬೆಳಗಾವಿ, ಧಾರವಾಡ ಜಿಲ್ಲೆಗಳವರಿಗೆ 2020ರಲ್ಲಷ್ಟೇ ಸಿಕ್ಕಿತು. ಮಳೆ ಹಿಡಿದ ಮೇಲೆ ಕಳಲೆ, ಅಣಬೆ, ಹಳ್ಳದ ಏಡಿ, ಕೆಸುವಿನ ಸೊಪ್ಪು, ಚಿಗಳಿ (ಕೆಂಪಿರುವೆ) ಚಟ್ನಿ ಇವೆಲ್ಲ ಇಂದಿಗೂ ಕೆಲವು ಮನೆಗಳಲ್ಲಿ ಆಗುತ್ತವೆ. ಆದರೆ ಕೂಲಿಗೆ ಗೋವೆಯ ಕಡೆ ಹೋದ ತಾಯಂದಿರಿಗೆ ಕಾಡು ಸುತ್ತಲು ಹೊತ್ತಿಲ್ಲ, ಕಾಡಿಗೆ ಹೋದವರಿಗೆ ಗಾರ್ಡಿನ ಅಂಜಿಕೆ. ಹತ್ತು ರೂಪಾಯಿಗೆ ಎರಡು ಪ್ಯಾಕೆಟ್ ಬರುವಾಗ ಅಳುವ ಕೂಸನ್ನು ಸುಮ್ಮನಿರಿಸಲು ಅದೇ ಸುಲಭ.

ಇನ್ನು ದಮ್ಮಿನ ವಿಷಯ. ಜುಲೈ ತಿಂಗಳಲ್ಲಿ ನಮ್ಮ ಭಾಗದ ಮನೆಯೊಳಗೆ ಒಮ್ಮೆ ಬಂದು ಕುಳಿತು ನೋಡಿ. ಒಲೆಯ ಮೇಲಿನ ಅಟ್ಟದಲ್ಲಿ ಹಸಿ ಕಟ್ಟಿಗೆಯನ್ನು ಒಣಗಲು ಇಟ್ಟಿರುತ್ತಾರೆ, ಅದೇ ಒಲೆಯ ಹೊಗೆಯಲ್ಲಿ ಕೌದಿಯೂ ಕೂಸಿನ ಬಟ್ಟೆಯೂ ಒಣಗುತ್ತವೆ, ಮಣ್ಣಿನ ಗೋಡೆಯ ಬುಡದಲ್ಲಿ ಬಿಳಿ ಬೂಸು ಹತ್ತಿರುತ್ತದೆ. ಆ ಕೂಸು ಸುಯ್ಗುಟ್ಟಿದರೆ ಅಲರ್ಜಿ ಎಂದು ಚೀಟಿ ಬರೆಯುತ್ತಾರೆ, ಊರಿನವರು ಪ್ಯಾಕೆಟ್ ತಿಂದಿದ್ದಕ್ಕೆ ಎನ್ನುತ್ತಾರೆ. ಹೊಗೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಮಕ್ಕಳ ವೈದ್ಯ, ಬಾಗಲಕೋಟೆ

ಅಕ್ಕನವರು ಹೇಳಿದ್ದು ನೂರಕ್ಕೆ ನೂರು ಸರಿ. ಐದು ವರ್ಷದೊಳಗಿನ ಮಕ್ಕಳ ಸುಯ್ಗುಟ್ಟುವಿಕೆಯಲ್ಲಿ ಬಹುಪಾಲು ವೈರಸ್ ಸೋಂಕಿನಿಂದ ಬರುವಂಥದ್ದು. ಹೊಗೆ ಅದನ್ನು ಕೆರಳಿಸುತ್ತದೆ. ನಮ್ಮ ಬಯಲುಸೀಮೆಯಲ್ಲೂ ಕಾರಣಗಳ ಪಟ್ಟಿ ಉದ್ದವಿದೆ. 1950ರ ದಶಕದಲ್ಲಿ ಪುಣೆಯಲ್ಲಿ ಮೊದಲು ಕಣ್ಣಿಗೆ ಬಿದ್ದ ಕಾಂಗ್ರೆಸ್ ಕಸ ಇಂದು ನಮ್ಮ ಬದುಗಳನ್ನೆಲ್ಲ ತುಂಬಿದೆ, ಅದರ ಪರಾಗ ಮೂಗಿಗೂ ಚರ್ಮಕ್ಕೂ ಅಲರ್ಜಿ ತರುತ್ತದೆ. ಕಬ್ಬು ಕಡಿದ ಮೇಲೆ ರವದಿಗೆ ಬೆಂಕಿ ಹಚ್ಚುವ ತಿಂಗಳುಗಳಲ್ಲಿ ನನ್ನ ಹೊರರೋಗಿ ವಿಭಾಗದಲ್ಲಿ ಕೆಮ್ಮುವ ಮಕ್ಕಳ ಸಾಲು ಬೆಳೆಯುತ್ತದೆ.

ಡೋಣಿ ಸೀಮೆಯ ರೈತ, ವಿಜಯಪುರ

ಹಾಗಾದರೆ ಸಾಹೇಬರೇ, ಊಟದ ಪಾಲು ಎಷ್ಟು, ಪರಿಸರದ ಪಾಲು ಎಷ್ಟು ಎಂದು ಬೇರ್ಪಡಿಸಿ ಹೇಳಿದವರು ಯಾರೂ ಇಲ್ಲವೇ? ರವದಿ ಸುಡುವುದು ತಪ್ಪೆಂದು ನಮಗೂ ಗೊತ್ತು, ಆಳು ಸಿಗದಾಗ ಕೈ ಅದರ ಕಡೆಗೇ ಹೋಗುತ್ತದೆ.

ಸೂಕ್ಷ್ಮಜೀವಿಶಾಸ್ತ್ರದ ವಿದ್ಯಾರ್ಥಿನಿ, ಬೆಳಗಾವಿ

ಪೂರ್ತಿ ಬೇರ್ಪಡಿಸಲಾಗದಿದ್ದರೂ ಹತ್ತಿರಕ್ಕೆ ಹೋದವರಿದ್ದಾರೆ, ಅಣ್ಣನವರೇ. ಕರೇಲಿಯಾ ಎಂಬ ಪ್ರದೇಶ ಎರಡನೆಯ ಮಹಾಯುದ್ಧದ ಹೊತ್ತಿಗೆ ಇಬ್ಭಾಗವಾಗಿ ಒಂದು ತುಂಡು ಫಿನ್‌ಲ್ಯಾಂಡಿನಲ್ಲಿ ಉಳಿಯಿತು, ಇನ್ನೊಂದು ಸೋವಿಯತ್ ಒಕ್ಕೂಟಕ್ಕೆ ಸೇರಿತು. ಎರಡೂ ಕಡೆಯವರು ಮೂಲದಲ್ಲಿ ಬಹುಮಟ್ಟಿಗೆ ಬಂಧುಗಳು, ಹವಾಮಾನವೂ ಒಂದೇ. ಫಿನ್‌ಲ್ಯಾಂಡಿನ ಕಡೆ ಪೇಟೆಯ ಜೀವನ ಬಂದು ಅಲರ್ಜಿ ಹಲವು ಪಟ್ಟು ಹೆಚ್ಚಿತು. ರಷ್ಯಾದ ಕಡೆ ಕಾಡು, ಹಿತ್ತಲಿನ ತರಕಾರಿ, ಶುದ್ಧೀಕರಿಸದ ನೀರು ಉಳಿದು ಅಲರ್ಜಿ ಕಡಿಮೆಯಿದ್ದೇ ಇತ್ತು. ಅಲ್ಲಿ ಊಟದ ಜೊತೆಗೆ ಮಣ್ಣು, ನೀರು, ಗಿಡಮರಗಳ ಸಂಪರ್ಕವೂ ಲೆಕ್ಕಕ್ಕೆ ಬರುತ್ತದೆ. ಅಮೆರಿಕದ ಆಮಿಷ್ ಮತ್ತು ಹಟರೈಟ್ ಎಂಬ ಎರಡು ರೈತ ಪಂಥಗಳ ಊಟ, ಮೂಲ ಎರಡೂ ಹೆಚ್ಚುಕಡಿಮೆ ಒಂದೇ. ಆಮಿಷರು ಮನೆಯ ಹತ್ತಿರದ ಕೊಟ್ಟಿಗೆಯಲ್ಲಿ ದನದೊಡನೆ ಬೆಳೆಯುತ್ತಾರೆ; ಹಟರೈಟರು ಯಂತ್ರ ಬಳಸಿ ಒಕ್ಕಲುತನ ಮಾಡುತ್ತಾರೆ, ಅವರ ಮಕ್ಕಳು ಕೊಟ್ಟಿಗೆಯಿಂದ ದೂರ. 2016ರ ವರದಿಯ ಪ್ರಕಾರ ಆಸ್ತಮಾ ಆಮಿಷ್ ಮಕ್ಕಳಲ್ಲಿ ಸುಮಾರು ಶೇ. 5, ಹಟರೈಟ್ ಮಕ್ಕಳಲ್ಲಿ ಸುಮಾರು ಶೇ. 21. ಇದರಲ್ಲಿ ವ್ಯತ್ಯಾಸ ತಂದದ್ದು ಊಟವಲ್ಲ, ಕೊಟ್ಟಿಗೆಯ ಧೂಳು ಎಂದು ಕಾಣುತ್ತದೆ.

ಹಾಗಾಗಿ ನನ್ನ ತಿಳಿವಳಿಕೆ ಇಷ್ಟು: ಆದಿವಾಸಿಗಳು ಕಾಡು ಬಿಟ್ಟು ಸಿಮೆಂಟಿನ ಕಾಲೊನಿಗೆ ಬಂದಾಗ ನಾರು, ಮಣ್ಣು, ದನ, ಹುಳ ಎಲ್ಲವೂ ಒಟ್ಟಿಗೆ ಕೈಬಿಡುತ್ತವೆ, ಆಂಟಿಬಯೊಟಿಕ್, ಸೀಸೆ ಹಾಲು, ಸಕ್ಕರೆ ಒಟ್ಟಿಗೆ ಒಳಬರುತ್ತವೆ. ಇದರಲ್ಲಿ ಊಟವನ್ನಷ್ಟೇ ಆರಿಸಿ ದೂರುವುದು ಅರ್ಧ ಸತ್ಯ.

ಗೃಹಿಣಿ, ಜಮಖಂಡಿ

ನಡುವೆ ಬಾಯಿ ಹಾಕುತ್ತಿದ್ದೇನೆ, ಬೇಸರಿಸಬೇಡಿ. ನಮ್ಮ ಅಕ್ಕನ ಮಗುವಿಗೆ ಮೈತುರಿಕೆ ಇದೆಯೆಂದು ಪಟ್ಟಣದ ಲ್ಯಾಬ್ ಒಂದರಲ್ಲಿ ದುಬಾರಿ ರಕ್ತಪರೀಕ್ಷೆ ಮಾಡಿಸಿ, ಶೇಂಗಾ, ತತ್ತಿ, ಹಾಲು, ತೊಗರಿಬೇಳೆ, ಗೋಧಿ ಎಲ್ಲವನ್ನೂ ಬಿಡಿಸಿದ್ದಾರೆ. ಶೇಂಗಾ ಹಿಂಡಿ ಇಲ್ಲದೆ ರೊಟ್ಟಿ ಉಣ್ಣದ ಸೀಮೆಯಲ್ಲಿ ಶೇಂಗಾ ಅಲರ್ಜಿ ಎಲ್ಲಿಂದ ಬಂತು?

ಮಕ್ಕಳ ವೈದ್ಯ, ಬಾಗಲಕೋಟೆ

ತಂಗಿ, ರಕ್ತದಲ್ಲಿ ಐಜಿಇ ಕಾಣಿಸುವುದು ಬೇರೆ, ತಿಂದಾಗ ಕಾಯಿಲೆಯಾಗುವುದು ಬೇರೆ. ನಮ್ಮ ರಾಜ್ಯದ್ದೇ ಅಂಕಿಗಳಿವೆ. ಕರ್ನಾಟಕದ ವಯಸ್ಕರಲ್ಲಿ ನಡೆದು 2016ರಲ್ಲಿ ಪ್ರಕಟವಾದ ದೊಡ್ಡ ಸಮೀಕ್ಷೆಯಲ್ಲಿ ಶೇ. 26.5 ಜನರ ರಕ್ತ ಯಾವುದಾದರೊಂದು ಆಹಾರಕ್ಕೆ ಪ್ರತಿಕಾಯ ತೋರಿಸಿತು. ಆಹಾರದ ಅಲರ್ಜಿ ಇರಬಹುದೆಂದು ನಿರ್ಣಯಿಸಲಾದವರು ಶೇ. 1.2 ಮಾತ್ರ. ರಕ್ತದ ವರದಿಯನ್ನಷ್ಟೇ ನಂಬಿ ಊಟ ಬಿಡಿಸಿದರೆ ಅಲರ್ಜಿ ಹೋಗುವುದಿಲ್ಲ, ಅಪೌಷ್ಟಿಕತೆ ಬರುತ್ತದೆ. ಆದಿವಾಸಿ ಹಾಡಿಗಳಲ್ಲಿ ಶಿಬಿರ ಮಾಡಿ ಇಂಥ ಪರೀಕ್ಷೆ ನಡೆಸಿದರೆ ಇನ್ನೂ ಅನರ್ಥ; ಹುಳದಿಂದ ಐಜಿಇ ಮೊದಲೇ ಏರಿರುವ ಮಕ್ಕಳಲ್ಲಿ ಆ ವರದಿಯನ್ನು ಓದುವುದೇ ಕಷ್ಟ, ಅದನ್ನು ಹಿಡಿದು ತತ್ತಿ ಬಿಡಿಸಿದರೆ ಆ ಮಕ್ಕಳಿಗೆ ಸಿಗುವ ಅಲ್ಪಸ್ವಲ್ಪ ಒಳ್ಳೆಯ ಪ್ರೋಟೀನೂ ಹೋಯಿತು.

ಶೇಂಗಾದ ಬಗ್ಗೆ 2015ರಲ್ಲಿ ಲಂಡನ್ನಿನಿಂದ ಬಂದ ಪ್ರಯೋಗ ವೈದ್ಯರ ಹಳೆಯ ಸಲಹೆಯನ್ನೇ ತಿರುವಿಹಾಕಿತು. ತೀವ್ರ ಎಕ್ಜಿಮಾ (ಚರ್ಮ ಕೆಂಪಾಗಿ ತುರಿಸುವ ಕಾಯಿಲೆ) ಅಥವಾ ತತ್ತಿಯ ಅಲರ್ಜಿ ಇದ್ದ 640 ಶಿಶುಗಳಲ್ಲಿ ಅರ್ಧದಷ್ಟು ಮಕ್ಕಳಿಗೆ ಐದು ವರ್ಷದವರೆಗೆ ಶೇಂಗಾ ತಿನ್ನಿಸಿದರು, ಉಳಿದವರಿಗೆ ಬಿಡಿಸಿದರು. ಬಿಟ್ಟವರಲ್ಲಿ ಶೇ. 17.2 ಮಕ್ಕಳಿಗೆ ಶೇಂಗಾ ಅಲರ್ಜಿಯಾಯಿತು, ತಿಂದವರಲ್ಲಿ ಶೇ. 3.2 ಮಕ್ಕಳಿಗೆ. ನಮ್ಮ ಹಳ್ಳಿಗಳಲ್ಲಿ ಕೂಸು ತಾಯಿಯ ತಟ್ಟೆಯಿಂದಲೇ ಹಿಂಡಿಯ ರುಚಿ ನೋಡುತ್ತಿದ್ದ ಪದ್ಧತಿಗೆ ಇದು ಬಲ ಕೊಡುತ್ತದೆ. ಇಡೀ ಶೇಂಗಾ ಕಾಳನ್ನು ಮಾತ್ರ ಎಳೆಯ ಮಕ್ಕಳಿಗೆ ಕೊಡಬಾರದು, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ನಿಮ್ಮ ಅಕ್ಕನ ಮಗುವಿಗೆ ಏನು ತಿಂದಾಗ ಎಷ್ಟು ಹೊತ್ತಿಗೆ ಏನಾಗುತ್ತದೆ ಎಂದು ಕೇಳಿ ಬರೆದುಕೊಳ್ಳುವ ವೈದ್ಯರಲ್ಲಿಗೆ ಕರೆದೊಯ್ಯಲು ಹೇಳಿ. ಮನೆಯಲ್ಲಿ ತಾವೇ ಪ್ರಯೋಗ ಮಾಡುವುದು ಬೇಡ.

ಮೇಷ್ಟ್ರು, ಖಾನಾಪುರ ತಾಲ್ಲೂಕು

ಹಳೆಯ ಊಟಕ್ಕೆ ಮರಳಿದರೆ ಕಳೆದದ್ದು ವಾಪಸು ಬರುತ್ತದೆಯೇ? ಆಸ್ಟ್ರೇಲಿಯಾದ ಉದಾಹರಣೆಯನ್ನು ಎಲ್ಲರೂ ಕೊಡುತ್ತಾರೆ.

ಸೂಕ್ಷ್ಮಜೀವಿಶಾಸ್ತ್ರದ ವಿದ್ಯಾರ್ಥಿನಿ, ಬೆಳಗಾವಿ

ಅದು ಸಂಶೋಧಕಿ ಕೆರಿನ್ ಓಡೀ ಅವರು 1984ರಲ್ಲಿ ಪ್ರಕಟಿಸಿದ ಅಧ್ಯಯನ. ಪಶ್ಚಿಮ ಆಸ್ಟ್ರೇಲಿಯಾದ ಡರ್ಬಿ ಎಂಬ ಊರಿನ ಬಳಿಯ, ಸಕ್ಕರೆ ಕಾಯಿಲೆಯಿದ್ದ ಹತ್ತು ಮಂದಿ ಮೂಲನಿವಾಸಿಗಳು ಏಳು ವಾರ ತಮ್ಮ ನೆಲಕ್ಕೆ ಮರಳಿ ಕಾಂಗರೂ, ಮೀನು, ಗೆಣಸು, ಜೇನು ಹುಡುಕಿ ತಿಂದು ಬದುಕಿದರು. ಸರಾಸರಿ 8 ಕಿಲೊ ತೂಕ ಇಳಿಯಿತು, ರಕ್ತದ ಸಕ್ಕರೆ ಬಹಳಷ್ಟು ಹತೋಟಿಗೆ ಬಂತು. ಅದು ಅಲರ್ಜಿಯನ್ನು ನೋಡಿದ ಅಧ್ಯಯನವಲ್ಲ, ಆದ್ದರಿಂದ ಅದನ್ನು ಇಲ್ಲಿಗೆ ಎಳೆದು ತರುವುದು ಸರಿಯಲ್ಲ. ಅದರಲ್ಲಿ ಊಟದಷ್ಟೇ ನಡಿಗೆಯೂ ಇತ್ತು, ಮುಖ್ಯವಾಗಿ ಮರಳಲು ಅವರಿಗೆ ನೆಲವಿತ್ತು. ಅಮೆರಿಕದ ನವಾಹೋ ಜನರನ್ನು 1864ರಲ್ಲಿ ಸೈನ್ಯ ಅವರ ನೆಲದಿಂದ ಎಬ್ಬಿಸಿ ನಡೆಸಿಕೊಂಡು ಹೋಗಿ ಹಿಟ್ಟು, ಸಕ್ಕರೆ, ಹಂದಿಯ ಕೊಬ್ಬಿನ ಪಡಿತರ ಕೊಟ್ಟಿತು; ಅದರಿಂದ ಹುಟ್ಟಿದ ಕರಿದ ರೊಟ್ಟಿ ಇಂದು ಅವರ ಸಾಂಪ್ರದಾಯಿಕ ತಿಂಡಿಯೆಂದು ಹೆಸರಾಗಿದೆ. ಸಂಪ್ರದಾಯಕ್ಕೆ ಮರಳಿ ಎಂದು ಉಪದೇಶಿಸುವವರು ಯಾವ ವರ್ಷದ ಸಂಪ್ರದಾಯ ಎಂಬುದನ್ನೂ ಹೇಳಬೇಕಾಗುತ್ತದೆ.

ಹುಳಿ ಬರಿಸಿದ ಆಹಾರದ ಮಟ್ಟಿಗೆ ಸ್ವಲ್ಪ ಆಶೆಯ ಸುದ್ದಿಯಿದೆ. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ 36 ವಯಸ್ಕರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮೊಸರು ಮುಂತಾದ ಹುದುಗಿಸಿದ ಆಹಾರ ಹೆಚ್ಚು ತಿಂದವರ ಕರುಳಿನ ವೈವಿಧ್ಯ ಹೆಚ್ಚಿ ಉರಿಯೂತದ ಗುರುತುಗಳು ಇಳಿದವು. ಬರೀ ನಾರು ಹೆಚ್ಚಿಸಿದವರಲ್ಲಿ ಆ ಅವಧಿಯೊಳಗೆ ವೈವಿಧ್ಯ ಹೆಚ್ಚಲಿಲ್ಲ. ನಮ್ಮ ಅಂಬಲಿ, ಮಜ್ಜಿಗೆಗಳನ್ನು ಹಾಗೆ ಪರೀಕ್ಷಿಸಿ ನೋಡುವುದು ಒಳ್ಳೆಯ ಕೆಲಸವಾದೀತು.

ಮಕ್ಕಳ ವೈದ್ಯ, ಬಾಗಲಕೋಟೆ

ಹಸಿ ಹಾಲಿನ ಬಗ್ಗೆ ಯಾರಾದರೂ ಕೇಳುವ ಮೊದಲೇ ಹೇಳುತ್ತೇನೆ. ಯುರೋಪಿನಲ್ಲಿ ಕೊಟ್ಟಿಗೆಯ ಹಸಿ ಹಾಲು ಕುಡಿದ ಮಕ್ಕಳಿಗೆ ಆಸ್ತಮಾ ಕಡಿಮೆಯೆಂದು ವರದಿಗಳಿವೆ ನಿಜ. ನಮ್ಮ ದನಗಳಲ್ಲಿ ಬ್ರೂಸೆಲ್ಲಾ ರೋಗ ಇದೆ, ಹಾಲನ್ನು ಕಾಯಿಸಿಯೇ ಕುಡಿಯಿರಿ.

ಅಂಗನವಾಡಿ ಕಾರ್ಯಕರ್ತೆ, ಖಾನಾಪುರದ ಕಾಡಿನ ಭಾಗ

ಸಾಹೇಬರೇ, ಈ ಮಳೆಗಾಲದಲ್ಲಿ ನಮ್ಮ ಕೇಂದ್ರದ ಮಕ್ಕಳ ದಮ್ಮು, ತುರಿಕೆಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಬೇಕೆಂದಿದ್ದೇನೆ. ತೂಕ, ಎತ್ತರ ಹೇಗೂ ಬರೆಯುತ್ತೇವೆ. ಮತ್ತೆ ಏನೇನು ಬರೆದರೆ ನಿಮ್ಮಂಥವರಿಗೆ ಉಪಯೋಗಕ್ಕೆ ಬರುತ್ತದೆ?

ಮಕ್ಕಳ ವೈದ್ಯ, ಬಾಗಲಕೋಟೆ

ಸುಯ್ಗುಟ್ಟಿದ ತಾರೀಖು, ಜೊತೆಗೆ ಜ್ವರವಿತ್ತೇ, ಮನೆಯಲ್ಲಿ ಕಟ್ಟಿಗೆ ಒಲೆಯೋ ಗ್ಯಾಸೋ, ಹುಳದ ಮಾತ್ರೆ ಕೊಟ್ಟ ದಿನ, ಯಾವ ಆಂಟಿಬಯೊಟಿಕ್ ಎಷ್ಟು ಸಲ ಕೊಟ್ಟಿದ್ದಾರೆ, ಎಷ್ಟು ತಿಂಗಳು ಎದೆಹಾಲು ಕುಡಿಯಿತು ಇವಿಷ್ಟು ಇರಲಿ. ಊಟದ ಕಾಲಂನಲ್ಲಿ ಪೌಷ್ಟಿಕ, ಅಪೌಷ್ಟಿಕ ಎಂದು ಬರೆಯಬೇಡಿ. ನಿನ್ನೆ ಬೆಳಿಗ್ಗೆಯಿಂದ ರಾತ್ರಿಯವರೆಗೆ ತಿಂದದ್ದನ್ನೆಲ್ಲ ತಾಯಿ ಹೇಳಿದ ಹಾಗೆಯೇ ಬರೆಯಿರಿ, ಪ್ಯಾಕೆಟ್ಟೂ ಬರಲಿ, ಕಳಲೆಯೂ ಬರಲಿ. ಮಗುವಿನ ಹೆಸರಿನ ಬದಲು ಕ್ರಮಸಂಖ್ಯೆ ಹಾಕಿ, ತಾಯಂದಿರನ್ನು ಕೇಳಿ ಒಪ್ಪಿಗೆ ಪಡೆದೇ ಬರೆಯಿರಿ. ಉಸಿರೆಳೆಯುವಾಗ ಪಕ್ಕೆಲುಬಿನ ಕೆಳಗೆ ಗುಳಿ ಬೀಳುವ ಮಗುವಿದ್ದರೆ ನೋಟ್‌ಬುಕ್ಕನ್ನು ಅಲ್ಲೇ ಬಿಟ್ಟು 108ಕ್ಕೆ ಫೋನ್ ಮಾಡಿ.